ಕಣದ ಕ್ಯಾಮೆರಾದ ಬಾಗಿಲು ಬಡಿಯುವವರು: ಕೊಡಗಿನ ತೋಟ, ಹೋಮ್‌ಸ್ಟೇಗಳಿಗೆ ಹನಿಪಾಟ್

ಕರಿಮೆಣಸಿನ ಕಣಕ್ಕೆ, ಪಾರ್ಚ್‌ಮೆಂಟ್ ಕಾಫಿಯ ಮೂಟೆ ಇಟ್ಟ ಗೋಡೌನಿಗೆ ಕ್ಯಾಮೆರಾ ಹಾಕಿಸುವುದು ಕೊಡಗಿನ ತೋಟಗಳಲ್ಲಿ ಈಗ ಮಾಮೂಲು. ಮಾಲೀಕರು ಬೆಂಗಳೂರಿನಲ್ಲಿದ್ದರೆ ಮೊಬೈಲಿನಲ್ಲೇ ಕಣ ಕಾಣಬೇಕು. ಅದಕ್ಕಾಗಿ ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ಕೂರಿಸಿದವರು ರೂಟರಿನಲ್ಲಿ ಒಂದೆರಡು ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ, ಸಂಖ್ಯೆಯಿರುವ ಬಾಗಿಲು) ತೆರೆದು ಹೋಗಿರುತ್ತಾರೆ. ಪಾಸ್‌ವರ್ಡ್ ಪೆಟ್ಟಿಗೆ ಬಿಚ್ಚಿದ ದಿನ ಏನಿತ್ತೋ ಅದೇ ಇರುತ್ತದೆ. ಮೂಟೆ ಕದಿಯುವ ಕಳ್ಳ ಬರುವ ಎಷ್ಟೋ ಮೊದಲೇ ಈ ಬಾಗಿಲನ್ನು ಬೇರೆಯವರು ಬಡಿಯುತ್ತಿರುತ್ತಾರೆ. ಅವರು ಎಲ್ಲಿಂದ ಬರುತ್ತಾರೆ, ಯಾವ ಪಾಸ್‌ವರ್ಡ್ ತಂದಿರುತ್ತಾರೆ, ಒಳಗೆ ಬಿಟ್ಟರೆ ಏನು ಮಾಡುತ್ತಾರೆ ಎಂದು ನೋಡಬೇಕಾದರೆ ಹನಿಪಾಟ್ ಕಟ್ಟಬೇಕು. ಹನಿಪಾಟ್ ಎಂದರೆ ಯಾವ ನಿಜವಾದ ಕೆಲಸವನ್ನೂ ಮಾಡದ, ದಾಳಿಕೋರರು ಬರಲೆಂದೇ ಇಟ್ಟ, ಬಂದವರ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟುಕೊಳ್ಳುವ ಯಂತ್ರ.

ಕೆಲಸವಿಲ್ಲದಿರುವುದೇ ಅದರ ಬಲ. ನಿಜವಾದ ಸರ್ವರಿನ ಲಾಗಿನಲ್ಲಿ ಸಾವಿರ ಸರಿಯಾದ ಸಂಪರ್ಕಗಳ ನಡುವೆ ಒಂದು ಕೆಟ್ಟದ್ದನ್ನು ಹುಡುಕಬೇಕು. ಹನಿಪಾಟಿಗೆ ಯಾರೂ ಬರಬೇಕಾದ ಕಾರಣವೇ ಇಲ್ಲದ್ದರಿಂದ ಬಂದವರೆಲ್ಲ ವಿಚಾರಿಸಬೇಕಾದವರೇ. ‘ಸೋಮವಾರಪೇಟೆಯ ಒಂದು ತೋಟವನ್ನು ಯಾರು ಹುಡುಕಿಕೊಂಡು ಬರುತ್ತಾರೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಯಾರೂ ಹುಡುಕಿಕೊಂಡು ಬರುವುದಿಲ್ಲ, ಬರುವ ಅಗತ್ಯವೂ ಇಲ್ಲ. ಒಂದು ಪೋರ್ಟಿಗಾಗಿ ಇಡೀ ಐಪಿವಿ4 ಜಾಲವನ್ನು (ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳೆಲ್ಲವನ್ನೂ) ಒಂದೇ ಕಂಪ್ಯೂಟರಿನಿಂದ, ಗಿಗಾಬಿಟ್ ಲೈನಿನಲ್ಲಿ, 45 ನಿಮಿಷದೊಳಗೆ ತಡಕಬಹುದೆಂದು ಝಡ್‌ಮ್ಯಾಪ್ ಎಂಬ ಸ್ಕ್ಯಾನರ್ ಬರೆದವರು 2013ರಲ್ಲೇ ತೋರಿಸಿದರು. ಆ ತಡಕಾಟದಲ್ಲಿ ಮಡಿಕೇರಿಯೂ ಒಂದೇ, ಮುಂಬಯಿಯೂ ಒಂದೇ.

ಹನಿಪಾಟನ್ನು ಎರಡು ಜಾಗದಲ್ಲಿ, ಎರಡು ಬೇರೆ ಉದ್ದೇಶಕ್ಕೆ ಇಡಬೇಕು. ಹೊರಗಿನದು ಕಲಿಯಲಿಕ್ಕೆ, ಒಳಗಿನದು ಕಾಯಲಿಕ್ಕೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾಡಲು ಹೊರಟರೆ ಎರಡೂ ಕೆಡುತ್ತವೆ.

ತೋಟದ ಮನೆಯ ಲೈನಿನಲ್ಲಿ ಬೇಡ

ಮನೆಯಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹನಿಪಾಟ್ ಹಾಕಿ ರೂಟರಿನಲ್ಲಿ 22 ಮತ್ತು 23 (ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮತ್ತು ಟೆಲ್ನೆಟ್‌ಗಳ ಪೋರ್ಟುಗಳು) ತೆರೆದರಾಯಿತು ಎಂದು ಅನಿಸುವುದು ಸಹಜ. ಆದರೆ ಆ ಪೈ ಇರುವ ಜಾಲದಲ್ಲೇ ಲೆಕ್ಕ ಬರೆಯುವ ರೈಟರ ಟ್ಯಾಲಿ ಕಂಪ್ಯೂಟರ್ ಇದೆ, ಡಿವಿಆರ್ ಇದೆ, ಅತಿಥಿಗಳ ಫೋನುಗಳಿವೆ. ಹನಿಪಾಟ್ ತಂತ್ರಾಂಶವೂ ಮನುಷ್ಯರೇ ಬರೆದದ್ದು, ಅದರಲ್ಲೂ ದೋಷ ಸಿಗಬಹುದು. ಸಿಕ್ಕ ದಿನ ದಾಳಿಕೋರ ನಿಂತಿರುವುದು ನಿಮ್ಮ ಮನೆಯೊಳಗೆ.

ಇನ್ನೊಂದು ತೊಡಕು ಸಿಜಿನ್ಯಾಟ್, ಎಂದರೆ ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದು. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ವಿಳಾಸ) 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನಿಮ್ಮದು ಕಂಪನಿಯ ಹಂಚಿಕೆಯ ವಿಳಾಸ. ಆಗ ಪೋರ್ಟ್ ಫಾರ್ವರ್ಡ್ ಎಷ್ಟು ಬರೆದರೂ ಹೊರಗಿನವರು ಒಳಗೆ ತಲುಪುವುದಿಲ್ಲ. ಆದರೆ ಇದನ್ನೇ ರಕ್ಷಣೆ ಎಂದುಕೊಳ್ಳಬೇಡಿ: ಹೊಸ ಮಾದರಿಯ ಐಪಿವಿ6 ವಿಳಾಸ ಕೊಟ್ಟಿರುವ ಲೈನಿನಲ್ಲಿ ಪ್ರತಿ ಉಪಕರಣಕ್ಕೂ ಸಾರ್ವಜನಿಕ ವಿಳಾಸವೇ ಸಿಗುತ್ತದೆ, ಅದನ್ನು ತಡೆಯುವುದು ಓಎನ್‌ಟಿಯ (ಫೈಬರ್ ಮೋಡೆಮಿನ) ಫೈರ್‌ವಾಲ್ ಮಾತ್ರ. ಹಾಗೆಯೇ ರೂಟರಿನ ಯುಪಿಎನ್‌ಪಿ ಆಫ್ ಮಾಡಿ. ಅದು ಚಾಲೂ ಇದ್ದರೆ ನೀವು ಮುಚ್ಚಿದ ಪೋರ್ಟನ್ನು ಡಿವಿಆರ್ ತಾನೇ ಕೇಳಿ ತೆರೆಸಿಕೊಳ್ಳುತ್ತದೆ.

ಆದ್ದರಿಂದ ಹೊರಗಿನ ಹನಿಪಾಟಿಗೆ ಒಂದು ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಸಿಗುವ ಸರ್ವರ್) ಬಾಡಿಗೆಗೆ ತಗೊಳ್ಳಿ. 1 ಸಿಪಿಯು, 1 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಸಾಕು. ಹನಿಪಾಟಿಗೆ ಅನುಮತಿ ಇದೆಯೇ ಎಂದು ಆ ಕಂಪನಿಯ ಬಳಕೆಯ ನಿಯಮ ಓದಿ, ಅನುಮಾನ ಇದ್ದರೆ ಟಿಕೆಟ್ ಹಾಕಿ ಕೇಳಿ. ಡಾಯ್ಚ ಟೆಲಿಕಾಂನವರ ಟಿ-ಪಾಟ್ ಬಗ್ಗೆ ಓದಿ ಅದನ್ನೇ ಹಾಕಲು ಹೊರಡುವವರಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ಹನಿಪಾಟುಗಳು, ಚಂದದ ನಕ್ಷೆ, ಎಲ್ಲವೂ ಅದರಲ್ಲಿವೆ ನಿಜ. ಆದರೆ ಅದಕ್ಕೆ 8ರಿಂದ 16 ಜಿಬಿ ರ‍್ಯಾಮ್, 128 ಜಿಬಿ ಡಿಸ್ಕ್ ಬೇಕು. ಮೊದಲ ಹನಿಪಾಟಿಗೆ ಅದು ದುಬಾರಿ, ಮೇಲಾಗಿ ನಕ್ಷೆ ನೋಡುವುದರಲ್ಲೇ ದಿನ ಹೋಗಿ ಲಾಗ್ ಓದುವ ಅಭ್ಯಾಸ ಬೆಳೆಯುವುದಿಲ್ಲ.

ಹೊರಗಿನದು: ಕೌರಿ

ಎಸ್‌ಎಸ್‌ಎಚ್ ಮತ್ತು ಟೆಲ್ನೆಟ್‌ಗೆ ಇಂದು ಹೆಚ್ಚು ಬಳಕೆಯಲ್ಲಿರುವುದು ಕೌರಿ. ಕಿಪ್ಪೊ ಎಂಬ ಹಳೆಯ ಹನಿಪಾಟಿನಿಂದ ಮಿಶೆಲ್ ಓಸ್ಟರ್‌ಹಾಫ್ ಬೆಳೆಸಿದ ತಂತ್ರಾಂಶ ಇದು, ಪೈಥಾನಿನಲ್ಲಿದೆ. ಒಳಗೆ ಬಂದವರಿಗೆ ಲಿನಕ್ಸ್‌ನಂತೆ ಕಾಣುವ ಸುಳ್ಳು ಶೆಲ್ (ಕಮಾಂಡ್ ಬರೆಯುವ ಪರದೆ) ಮತ್ತು ಸುಳ್ಳು ಫೈಲ್ ವ್ಯವಸ್ಥೆ ಕೊಡುತ್ತದೆ. ಅವರು ಅಳಿಸಿದ್ದು, ಬರೆದದ್ದು ಯಾವುದೂ ನಿಜವಾದ ಡಿಸ್ಕಿಗೆ ತಾಗುವುದಿಲ್ಲ.

ಮೊದಲ ಕೆಲಸ ಕೌರಿಯದ್ದಲ್ಲ, ನಿಮ್ಮ ಸ್ವಂತ ಬಾಗಿಲನ್ನು ಬೇರೆಡೆಗೆ ಸರಿಸುವುದು. ಡೆಬಿಯನ್ 12 ಹಾಕಿದ ವಿಪಿಎಸ್‌ನಲ್ಲಿ ನಿಜವಾದ ಎಸ್‌ಎಸ್‌ಎಚ್ ಅನ್ನು 50000ದ ಮೇಲಿನ ಯಾವುದಾದರೂ ಪೋರ್ಟಿಗೆ ಒಯ್ಯಿರಿ. ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ, ಕೀ ಮೂಲಕದ ಲಾಗಿನ್ ಮಾತ್ರ ಇರಲಿ. ಈಗಿರುವ ಕಿಟಕಿಯನ್ನು ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸ ಪೋರ್ಟಿನಲ್ಲಿ ಒಳಗೆ ಬಂದು ನೋಡಿ, ಆಮೇಲೆ ಹಳೆಯದನ್ನು ಮುಚ್ಚಿ. ಬಾಗಿಲು ಹಾಕಿ ಕೀಲಿ ಒಳಗೇ ಬಿಡುವುದು ಇಲ್ಲಿಯೇ. ವಿಪಿಎಸ್ ಕಂಪನಿಯ ಜಾಲತಾಣದಲ್ಲಿ ಇನ್ನೊಂದು ಫೈರ್‌ವಾಲ್ ಇರುತ್ತದೆ, ಹೊಸ ಪೋರ್ಟನ್ನು ಅಲ್ಲಿಯೂ ತೆರೆದಿರಬೇಕು. ಉಬುಂಟು 22.10 ಮತ್ತು ಅದರ ನಂತರದವುಗಳಲ್ಲಿ ಎಸ್‌ಎಸ್‌ಎಚ್ ಸಿಸ್ಟಂಡಿಯ ಸಾಕೆಟ್ ಮೂಲಕ ಏಳುವುದರಿಂದ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಪೋರ್ಟ್ ಬದಲಿಸಿ ಸರ್ವಿಸ್ ರಿಸ್ಟಾರ್ಟ್ ಮಾಡಿದರೂ ಅದು 22ರಲ್ಲೇ ಕೂತಿರುತ್ತದೆ. ಡೀಮನ್-ರಿಲೋಡ್ ಮಾಡಿ ಸಾಕೆಟ್ಟನ್ನೇ ರಿಸ್ಟಾರ್ಟ್ ಮಾಡಬೇಕು.

ಇನ್ನು ಕೌರಿ. ಗಿಟ್, ಪೈಥಾನ್ ವೆನ್ವ್, ಓಪನ್‌ಎಸ್‌ಎಸ್‌ಎಲ್ ಮತ್ತು ಎಫ್‌ಎಫ್‌ಐನ ಡೆವಲಪ್‌ಮೆಂಟ್ ಪ್ಯಾಕೇಜು, ಬಿಲ್ಡ್ ಎಸೆನ್ಷಿಯಲ್ ಹಾಕಿ. ಪಾಸ್‌ವರ್ಡ್ ಇಲ್ಲದ, ಸುಡೊ (ನಿರ್ವಾಹಕ ಅಧಿಕಾರ) ಇಲ್ಲದ ‘ಕೌರಿ’ ಎಂಬ ಬಳಕೆದಾರನನ್ನು ಸೃಷ್ಟಿಸಿ. ಅವನ ಹೋಮ್ ಫೋಲ್ಡರಿನಲ್ಲೇ ಗಿಟ್‌ನಿಂದ ಇಳಿಸಿ ವೆನ್ವ್ ಒಳಗೆ ಇನ್‌ಸ್ಟಾಲ್ ಮಾಡಿ. ಪೂರ್ಣ ಅಧಿಕಾರದ ರೂಟ್ ಆಗಿ ಯಾವತ್ತೂ ಓಡಿಸಬೇಡಿ. ರೂಟ್ ಅಲ್ಲದವರು 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲಾರರಾದ್ದರಿಂದ ಕೌರಿ ಎಸ್‌ಎಸ್‌ಎಚ್‌ಗೆ 2222ರಲ್ಲಿ, ಟೆಲ್ನೆಟ್‌ಗೆ 2223ರಲ್ಲಿ ಕಿವಿಗೊಡುತ್ತದೆ. ಟೆಲ್ನೆಟ್ ಮೊದಲಿಗೆ ಆಫ್ ಇರುತ್ತದೆ, ಕಾನ್ಫಿಗ್‌ನಲ್ಲಿ ಆನ್ ಮಾಡಿ. ಕ್ಯಾಮೆರಾ, ಡಿವಿಆರ್‌ಗಳ ಕತೆ ತಿಳಿಯುವುದು ಟೆಲ್ನೆಟ್‌ನಿಂದಲೇ.

ಹೊರಗಿನಿಂದ 22ಕ್ಕೆ ಬಂದದ್ದನ್ನು 2222ಕ್ಕೆ, 23ಕ್ಕೆ ಬಂದದ್ದನ್ನು 2223ಕ್ಕೆ ತಿರುಗಿಸಲು ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ನ್ಯಾಟ್ ಟೇಬಲಿನಲ್ಲಿ, ಪ್ರೀರೂಟಿಂಗ್ ಚೈನಿನಲ್ಲಿ ಎರಡು ರಿಡೈರೆಕ್ಟ್ ನಿಯಮ ಬೇಕು. ‘ಎಲ್ಲ ಸರಿಯಿದೆ, ಆದರೆ ಒಬ್ಬರೂ ಬರುತ್ತಿಲ್ಲ’ ಎನ್ನುವ ಹೆಚ್ಚಿನ ದೂರುಗಳ ಮೂಲ ಇಲ್ಲಿದೆ. ಪೋರ್ಟ್ ತಿರುಗುವುದು ಮೊದಲು, ಫೈರ್‌ವಾಲ್‌ನ ಇನ್‌ಪುಟ್ ಚೈನ್ ನೋಡುವುದು ಆಮೇಲೆ. ಹಾಗಾಗಿ ವಿಪಿಎಸ್‌ನ ಒಳಗಿನ ಫೈರ್‌ವಾಲಿನಲ್ಲಿ ತೆರೆಯಬೇಕಾದದ್ದು 2222 ಮತ್ತು 2223, ಕಂಪನಿಯ ಹೊರಗಿನ ಫೈರ್‌ವಾಲಿನಲ್ಲಿ ತೆರೆಯಬೇಕಾದದ್ದು 22 ಮತ್ತು 23. ಪರೀಕ್ಷೆಯನ್ನು ಅದೇ ವಿಪಿಎಸ್‌ನಿಂದ ಮಾಡಿದರೆ ಫಲವಿಲ್ಲ, ಸ್ವಂತ ಯಂತ್ರದಿಂದ ಹೊರಟ ಸಂಪರ್ಕ ಪ್ರೀರೂಟಿಂಗ್ ದಾಟುವುದೇ ಇಲ್ಲ. ಫೋನಿನ ಡೇಟಾದಿಂದ ನೋಡಿ. ನಿಯಮಗಳು ರೀಬೂಟ್ ಆದರೆ ಅಳಿಯುತ್ತವೆ, ಐಪಿಟೇಬಲ್ಸ್-ಪರ್ಸಿಸ್ಟೆಂಟ್ ಹಾಕಿ ಉಳಿಸಿ. ಡಾಕರ್‌ನಲ್ಲಿ ಓಡಿಸುವವರು ಗಮನಿಸಿ: ಡಾಕರ್ ಪ್ರಕಟಿಸಿದ ಪೋರ್ಟ್ ಯುಎಫ್‌ಡಬ್ಲ್ಯು ಫೈರ್‌ವಾಲನ್ನು ದಾಟಿ ಹೋಗುತ್ತದೆ. ಮುಚ್ಚಿದೆ ಎಂದುಕೊಂಡದ್ದು ತೆರೆದೇ ಇರಬಹುದು.

ಹೊರಕ್ಕೆ ಹೋಗುವ ದಾರಿಯನ್ನು ಹಲವರು ಮರೆಯುತ್ತಾರೆ. ದಾಳಿಕೋರ ಸುಳ್ಳು ಶೆಲ್ಲಿನಲ್ಲಿ ‘ಡಬ್ಲ್ಯುಗೆಟ್’ ಎಂದರೆ ಕೌರಿ ನಿಜವಾಗಿಯೂ ಆ ಫೈಲನ್ನು ಇಳಿಸುತ್ತದೆ, ಮಾಲ್‌ವೇರ್ ಮಾದರಿ ಸಿಗುವುದು ಹಾಗೆ. ಅದನ್ನು ಹದ್ದಿನಲ್ಲಿಡಲು ಐಪಿಟೇಬಲ್ಸ್‌ನ ಓನರ್ ಮ್ಯಾಚ್ ಬಳಸಿ ‘ಕೌರಿ’ ಬಳಕೆದಾರನಿಂದ ಹೊರಡುವ ಪ್ಯಾಕೆಟುಗಳಿಗೆ ಮಾತ್ರ ನಿಯಮ ಬರೆಯಿರಿ. ಕ್ರಮ ಮುಖ್ಯ: ಮೊದಲು ಈಗಾಗಲೇ ಸ್ಥಾಪಿತವಾದ ಸಂಪರ್ಕಗಳ ಉತ್ತರಕ್ಕೂ ಲೂಪ್‌ಬ್ಯಾಕ್‌ಗೂ ಅನುಮತಿ, ಆಮೇಲೆ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೇವೆ), ಆಮೇಲೆ 169.254, 10, 172.16ರಿಂದ 172.31, 192.168 ಜಾಲಗಳಿಗೆ ತಡೆ, ಆಮೇಲೆ 80 ಮತ್ತು 443ಕ್ಕೆ ಅನುಮತಿ, ಕೊನೆಗೆ ಉಳಿದದ್ದಕ್ಕೆಲ್ಲ ತಡೆ. ಮೊದಲ ನಿಯಮ ಬಿಟ್ಟರೆ ಹನಿಪಾಟ್ ಬಂದವರಿಗೆ ಉತ್ತರವನ್ನೇ ಕೊಡಲಾರದು. 169.254.169.254 ಎಂಬುದು ಕ್ಲೌಡ್ ಯಂತ್ರಗಳ ಗುಟ್ಟಿನ ಮಾಹಿತಿ ಸಿಗುವ ವಿಳಾಸ, ಅದಂತೂ ಮುಚ್ಚಲೇಬೇಕು. ವಿಚಿತ್ರ ಪೋರ್ಟುಗಳಲ್ಲಿ ಇಟ್ಟ ಕೆಲವು ಮಾದರಿಗಳು ಇದರಿಂದ ತಪ್ಪಿಹೋಗುತ್ತವೆ, ಹೋಗಲಿ.

ವೇಷ ನಂಬುವಂತಿರಬೇಕು. ಕೌರಿಯ ಮೂಲ ಹೋಸ್ಟ್‌ನೇಮ್ ‘ಎಸ್‌ವಿಆರ್04’. ಅದನ್ನು ಹಾಗೇ ಬಿಟ್ಟ ಹನಿಪಾಟನ್ನು ಸ್ಕ್ಯಾನರುಗಳು ಒಂದೇ ನೋಟಕ್ಕೆ ಗುರುತಿಸುತ್ತವೆ. ಹೆಸರು, ಎಸ್‌ಎಸ್‌ಎಚ್ ಆವೃತ್ತಿಯ ಸಾಲು, ಕರ್ನಲ್ ಆವೃತ್ತಿ, ಸುಳ್ಳು ಪಾಸ್‌ವರ್ಡ್ ಫೈಲಿನಲ್ಲಿರುವ ಬಳಕೆದಾರನ ಹೆಸರು, ಈ ನಾಲ್ಕನ್ನೂ ಬದಲಿಸಿ. ಮತ್ತು ಒಂದಕ್ಕೊಂದು ಹೊಂದಲಿ. ಹತ್ತು ವರ್ಷ ಹಳೆಯ ಕರ್ನಲ್ಲಿನ ಮೇಲೆ ನಿನ್ನೆಯ ಓಪನ್‌ಎಸ್‌ಎಸ್‌ಎಚ್ ಇದ್ದರೆ ಯಾರು ನಂಬುತ್ತಾರೆ? ‘ತೋಟದ ಗೋಡೌನ್’ ಎಂದೆಲ್ಲ ನಿಮ್ಮ ಗುರುತು ಕೊಡುವ ಹೆಸರು ಮಾತ್ರ ಬೇಡ. ಕಾನ್ಫಿಗ್ ಬದಲಿಸುವಾಗ ‘ಡಿಸ್ಟ್’ ಫೈಲನ್ನು ಇಡಿಯಾಗಿ ನಕಲು ಮಾಡದೆ, ಬದಲಿಸಿದ ಸಾಲುಗಳನ್ನಷ್ಟೇ ಹೊಸ ಫೈಲಿನಲ್ಲಿ ಬರೆದರೆ ಮುಂದಿನ ಅಪ್‌ಡೇಟ್ ಸುಲಭ.

ಯಾವ ಪಾಸ್‌ವರ್ಡ್ ಒಪ್ಪಬೇಕು ಎಂಬುದಕ್ಕೆ ಯೂಸರ್‌ಡಿಬಿ ಫೈಲಿದೆ. ನಕ್ಷತ್ರ ಚಿಹ್ನೆ ಎಂದರೆ ಯಾವುದಾದರೂ ಆದೀತು, ಮುಂದೆ ಆಶ್ಚರ್ಯಚಿಹ್ನೆ ಇದ್ದರೆ ಅದು ಬೇಡ. ಮೊದಲ ಸಲಕ್ಕೇ ಎಲ್ಲವನ್ನೂ ಒಪ್ಪುವ ಯಂತ್ರ ಅನುಮಾನ ಹುಟ್ಟಿಸುತ್ತದೆ, ಮತ್ತು ದಾಳಿಕೋರನ ಪಟ್ಟಿಯಲ್ಲಿ ಇನ್ನೇನಿತ್ತೆಂದು ನಿಮಗೂ ತಿಳಿಯುವುದಿಲ್ಲ. ‘ಆಥ್‌ರ‍್ಯಾಂಡಮ್’ ಆಯ್ದುಕೊಂಡು 2, 5, 10 ಎಂದು ಕೊಟ್ಟರೆ ಎರಡರಿಂದ ಐದು ಪ್ರಯತ್ನಗಳ ನಡುವೆ ಎಲ್ಲೋ ಒಂದು ಕಡೆ ಒಳಗೆ ಬಿಡುತ್ತದೆ. ನನ್ನ ಮಟ್ಟಿಗೆ ಇದೇ ಹದ.

ಲಾಗಿನಲ್ಲಿ ಏನು ನೋಡಬೇಕು

ಪೋರ್ಟ್ ತೆರೆದ ಮೇಲೆ ಬಹಳ ಹೊತ್ತು ಕಾಯಬೇಕಾಗುವುದಿಲ್ಲ. ಮೊದಲ ಗಂಟೆಯೊಳಗೇ ಟೆಲ್ನೆಟ್‌ಗೆ ಯಾರಾದರೂ ಬಂದಿರುತ್ತಾರೆ. ಕೌರಿ ಪ್ರತಿ ಘಟನೆಗೂ ಒಂದು ಜೇಸನ್ ಸಾಲು ಬರೆಯುತ್ತದೆ. ಬಂದ ಐಪಿ, ಸೆಷನ್ ಸಂಖ್ಯೆ, ಹಾಕಿದ ಹೆಸರು-ಪಾಸ್‌ವರ್ಡ್, ಹೊಡೆದ ಕಮಾಂಡು, ಇಳಿಸಿದ ಫೈಲಿನ ಶಾ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಎಲ್ಲ ಇರುತ್ತವೆ. ಜೇಸನ್ ಓದುವ ಜೆಕ್ಯೂ ತಂತ್ರಾಂಶ ಇದ್ದರೆ ಒಂದೇ ಸಾಲಿನ ಕಮಾಂಡಿನಲ್ಲಿ ಪಾಸ್‌ವರ್ಡುಗಳನ್ನು ಎಣಿಸಿ ಜೋಡಿಸಬಹುದು. ಸಮಯ ಯುಟಿಸಿಯಲ್ಲಿರುತ್ತದೆ, 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಿ. ಡಿವಿಆರ್‌ನ ಲಾಗಿನೊಂದಿಗೆ ಹೋಲಿಸುವಾಗ ಇದನ್ನು ಮರೆತರೆ ರಾತ್ರಿಯ ಘಟನೆ ಸಂಜೆಯದಾಗಿ ಕಾಣುತ್ತದೆ.

ಬಂದವರೆಲ್ಲ ಕೆಟ್ಟವರಲ್ಲ. ಶೋಡಾನ್, ಸೆನ್ಸಿಸ್, ಶ್ಯಾಡೋಸರ್ವರ್‌ನಂಥ ಸಂಸ್ಥೆಗಳು ಇಡೀ ಜಾಲವನ್ನು ನಿತ್ಯ ತಡಕುತ್ತವೆ. ಬಾಗಿಲು ತಟ್ಟಿ ಹೋಗುತ್ತವೆಯೇ ಹೊರತು ಪಾಸ್‌ವರ್ಡ್ ಹಾಕುವುದಿಲ್ಲ. ಇವರನ್ನು ಮೊದಲು ಸೋಸಿ ತೆಗೆಯದಿದ್ದರೆ ದಾಳಿಯ ಲೆಕ್ಕ ಉಬ್ಬಿ ಕಾಣುತ್ತದೆ.

ಟೆಲ್ನೆಟ್‌ನಲ್ಲಿ ಇಂದಿಗೂ ಮಿರಾಯ್ ಎಂಬ ಮಾಲ್‌ವೇರಿನ ಸಂತತಿಯದ್ದೇ ರಾಜ್ಯ. 2016ರ ಸೆಪ್ಟೆಂಬರ್ ಕೊನೆಗೆ ಅದರ ಮೂಲ ಕೋಡ್ ಹೊರಬಿತ್ತು, ಅದೇ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯನ್ನು ಅಡ್ಡ ಮಲಗಿಸಿದ್ದೂ ಅದೇ. ಅದರೊಳಗೆ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳಿದ್ದವು: ಅಡ್ಮಿನ್-ಅಡ್ಮಿನ್, ರೂಟ್-888888, ರೂಟ್-ಎಕ್ಸ್‌ಸಿ3511, ರೂಟ್-ವಿಐಝಡ್‌ಎಕ್ಸ್‌ವಿ. ಕೊನೆಯ ಎರಡು ಸುಮ್ಮನೆ ಊಹಿಸಿದವಲ್ಲ, ಡಿವಿಆರ್ ಮತ್ತು ಕ್ಯಾಮೆರಾ ತಯಾರಕರು ಒಳಗೆ ಕೂರಿಸಿದ್ದ ಪಾಸ್‌ವರ್ಡುಗಳು. ಒಳಗೆ ಬಂದ ಮೇಲೆ ‘ಎನೇಬಲ್’, ‘ಸಿಸ್ಟಮ್’, ‘ಶೆಲ್’, ‘ಎಸ್‌ಎಚ್’ ಎಂದು ಸಾಲಾಗಿ ಹೊಡೆದು, ಬಿಸಿಬಾಕ್ಸ್‌ಗೆ (ಇಂಥ ಪೆಟ್ಟಿಗೆಗಳಲ್ಲಿರುವ ಕಮಾಂಡುಗಳ ಕಟ್ಟು) ಇಲ್ಲದ ಒಂದು ಹೆಸರನ್ನು ಕೊಡುತ್ತದೆ. ಬಿಸಿಬಾಕ್ಸ್ ‘ಅಂಥ ಆ್ಯಪ್ಲೆಟ್ ಇಲ್ಲ’ ಎಂದು ಉತ್ತರಿಸಿದರೆ ನಿಜವಾದ ಶೆಲ್ ಸಿಕ್ಕಿತೆಂದು ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಡಬ್ಲ್ಯುಗೆಟ್, ಅದಾಗದಿದ್ದರೆ ಟಿಎಫ್‌ಟಿಪಿ. ಎಆರ್‌ಎಂ, ಮಿಪ್ಸ್, ಎಕ್ಸ್86 ಹೀಗೆ ಎಲ್ಲ ಪ್ರೊಸೆಸರಿಗೂ ಒಂದೊಂದು ಫೈಲು.

ಕೊಡಗಿನವರು ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮೂಲ ಮಿರಾಯ್ ಡಿಸ್ಕಿನಲ್ಲಿ ಉಳಿಯುವುದಿಲ್ಲ, ಮೆಮೊರಿಯಲ್ಲಷ್ಟೇ ಇರುತ್ತದೆ. ‘ಡಿವಿಆರ್ ನಿಧಾನವಾಗಿತ್ತು, ಕರೆಂಟ್ ಹೋಗಿ ಬಂದ ಮೇಲೆ ಸರಿಹೋಯಿತು, ಎರಡು ದಿನಕ್ಕೆ ಮತ್ತೆ ಹಾಗೇ’ ಎನ್ನುವ ದೂರು ಬಂದರೆ ಹಾರ್ಡ್‌ಡಿಸ್ಕ್ ಬದಲಿಸುವ ಮುಂಚೆ ಪೋರ್ಟ್ ಫಾರ್ವರ್ಡ್ ನೋಡಿ. ಕರೆಂಟ್ ಹೋದಾಗ ಸೋಂಕು ಅಳಿಯುತ್ತದೆ, ಪಾಸ್‌ವರ್ಡ್ ಅದೇ ಇದ್ದರೆ ಇನ್ನೊಂದು ಸ್ಕ್ಯಾನ್ ಬಂದಾಗ ಮತ್ತೆ ತಗುಲುತ್ತದೆ. ಆಮೇಲಿನ ತಳಿಗಳಲ್ಲಿ ಕೆಲವು ರೀಬೂಟ್ ದಾಟಿ ಉಳಿಯುವುದನ್ನೂ ಕಲಿತಿವೆ. ಪಾಸ್‌ವರ್ಡ್ ಬದಲಿಸುವುದೊಂದೇ ಸಾಲದು ಎನ್ನುವುದಕ್ಕೆ ಇನ್ನೊಂದು ಉದಾಹರಣೆ 2021ರ ಸೆಪ್ಟೆಂಬರಿನಲ್ಲಿ ಬಯಲಾದ ಹಿಕ್‌ವಿಷನ್ ದೋಷ, ಸಿವಿಇ-2021-36260. ಅದಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಫರ್ಮ್‌ವೇರ್ ಹಳೆಯದಿದ್ದರೆ ಮುಗಿಯಿತು. 2017ರ ಜುಲೈನಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಮಾಲ್‌ವೇರ್ ಹೊಡೆದದ್ದು ನೆನಪಿರಬಹುದು. ಆಗಲೂ ಕೆಟ್ಟದ್ದು ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮೋಡೆಮ್‌ಗಳು.

ಎಸ್‌ಎಸ್‌ಎಚ್ ಕಡೆಯವರ ರೀತಿ ಬೇರೆ. ಒಳಗೆ ಬಂದವರು ಮೊದಲು ಕೇಳುವುದು ಸಿಪಿಯು ಎಷ್ಟು ಕೋರಿನದು, ರ‍್ಯಾಮ್ ಎಷ್ಟು ಎಂದು. ಮೊನೇರೊ ಎಂಬ ಕ್ರಿಪ್ಟೊ ಹಣದ ಗಣಿಗಾರಿಕೆಗೆ ಈ ಯಂತ್ರ ಆದೀತೇ ಎನ್ನುವ ಲೆಕ್ಕ ಅದು. ಔಟ್‌ಲಾ ಎಂದು ಕರೆಯುವ ಗುಂಪಿನ ಗುರುತು ಸುಲಭ: ಇದ್ದ ಎಸ್‌ಎಸ್‌ಎಚ್ ಕೀಗಳನ್ನು ಅಳಿಸಿ ತನ್ನದೊಂದನ್ನು ಹಾಕುತ್ತದೆ, ಅದರ ಕೊನೆಯಲ್ಲಿ ‘ಎಂಡಿಆರ್‌ಎಫ್‌ಸಿಕೆಆರ್’ ಎಂಬ ಬರಹ ಇರುತ್ತದೆ. ಮತ್ತೆ ಕೆಲವರು ಒಂದೂ ಕಮಾಂಡ್ ಹೊಡೆಯದೆ ಎಸ್‌ಎಸ್‌ಎಚ್ ಸುರಂಗ ಮಾತ್ರ ಕೇಳುತ್ತಾರೆ, ನಿಮ್ಮ ಐಪಿಯ ಮರೆಯಲ್ಲಿ ಬೇರೆಡೆಗೆ ಹೋಗಲು. ಕೌರಿ ಆ ಕೋರಿಕೆಯನ್ನು ಬರೆದಿಟ್ಟುಕೊಂಡು ಒಪ್ಪಿದಂತೆ ನಟಿಸುತ್ತದೆ, ನಿಜವಾಗಿ ಸಂಪರ್ಕ ಕೊಡುವುದಿಲ್ಲ. ಈ ಸೆಟ್ಟಿಂಗನ್ನು ಕುತೂಹಲಕ್ಕೂ ಬದಲಿಸಬೇಡಿ. ಬದಲಿಸಿದರೆ ಮಾರನೇ ದಿನ ನಿಮ್ಮ ವಿಪಿಎಸ್ ಸ್ಪ್ಯಾಮ್ ಕಳಿಸುವ ಯಂತ್ರವಾಗಿರುತ್ತದೆ.

ಐಪಿಗಿಂತ ನಂಬಬಹುದಾದ ಗುರುತು ಹ್ಯಾಶ್. ಎಸ್‌ಎಸ್‌ಎಚ್ ಕ್ಲೈಂಟು ಯಾವ ಗೂಢಲಿಪಿಗಳನ್ನು ಯಾವ ಕ್ರಮದಲ್ಲಿ ಕೇಳಿತು ಎಂಬುದರಿಂದ ತೆಗೆದ ಬೆರಳಚ್ಚು ಅದು, ಕೌರಿ ಅದನ್ನು ತಾನೇ ಬರೆಯುತ್ತದೆ. ನೂರಾರು ಐಪಿಗಳಿಂದ ಒಂದೇ ಹ್ಯಾಶ್, ಒಂದೇ ಪಾಸ್‌ವರ್ಡ್ ಕ್ರಮ ಬಂದರೆ ಆ ಎಲ್ಲದರ ಹಿಂದಿರುವುದು ಒಂದೇ ದಾಳಿಯ ತಂತ್ರಾಂಶ. ಐಪಿಗಳ ಪಟ್ಟಿ ಮಾಡಿ ದೇಶಗಳ ಬಣ್ಣದ ನಕ್ಷೆ ಬಿಡಿಸುವುದರಿಂದ ಏನೂ ಸಿಗದು. ಆ ಐಪಿಗಳಲ್ಲಿ ಬಹುಪಾಲು ಇನ್ನ್ಯಾರದೋ ಸೋಂಕು ತಗುಲಿದ ಕ್ಯಾಮೆರಾ.

ಸಿಕ್ಕಿದ ಮಾದರಿಗಳನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಬೇಡಿ. ಶಾ-256 ಸಂಖ್ಯೆಯನ್ನು ವೈರಸ್‌ಟೋಟಲ್‌ನಲ್ಲಿ ಹುಡುಕಿದರೆ ಸಾಕು, ಹೆಚ್ಚಿನವನ್ನು ಯಾರೋ ಆಗಲೇ ಹಾಕಿರುತ್ತಾರೆ. ಲಾಗನ್ನು ಮನೆಗೆ ತರುವಾಗ ಮನೆಯ ಯಂತ್ರ ವಿಪಿಎಸ್‌ನಿಂದ ಎಳೆದುಕೊಳ್ಳಬೇಕು. ವಿಪಿಎಸ್ ಮನೆಗೆ ತಳ್ಳುವಂತೆ ಮಾಡಿದರೆ ಮನೆಯ ಕೀಲಿಯನ್ನು ಹನಿಪಾಟಿನಲ್ಲಿ ಇಟ್ಟಂತೆ. ಲಾಗ್‌ರೊಟೇಟ್ ಹಾಕದಿದ್ದರೆ 20 ಜಿಬಿ ಒಂದು ದಿನ ತುಂಬಿ ಕೌರಿ ನಿಂತುಹೋಗುತ್ತದೆ.

ಒಳಗಿನದು: ಓಪನ್‌ಕ್ಯಾನರಿ

ಹೊರಗಿನ ಹನಿಪಾಟ್ ಎಷ್ಟೇ ಗದ್ದಲ ಮಾಡಲಿ, ನಿಮ್ಮ ತೋಟದ ಆಫೀಸಿಗೆ ಯಾರಾದರೂ ನುಗ್ಗಿದ್ದಾರೆಯೇ ಎಂದು ಅದು ಹೇಳಲಾರದು. ಹೇಳುವುದು ಒಳಗಿನದು. ಅದು ಆನೆ ಬರುವ ದಾರಿಗೆ ಅಡ್ಡ ಕಟ್ಟಿದ ಗಂಟೆತಂತಿಯ ಹಾಗೆ, ದಿನವಿಡೀ ಸುಮ್ಮನಿರಬೇಕು, ತಾಗಿದಾಗ ಮಾತ್ರ ಸದ್ದು ಮಾಡಬೇಕು.

ಥಿಂಕ್ಸ್ಟ್ ಕಂಪನಿಯ ಓಪನ್‌ಕ್ಯಾನರಿ ಇದಕ್ಕೆ ಸಾಕು, ರಾಸ್ಪ್‌ಬೆರಿ ಪೈ 3 ಅಥವಾ 4ರಲ್ಲಿ ಆರಾಮಾಗಿ ಓಡುತ್ತದೆ. ಇನ್‌ಸ್ಟಾಲ್ ಮಾಡಿ ಕಾಪಿಕಾನ್ಫಿಗ್ ಕೊಟ್ಟರೆ ಇಟಿಸಿ ಫೋಲ್ಡರಿನೊಳಗೆ ಒಂದು ಜೇಸನ್ ಫೈಲ್ ಬರುತ್ತದೆ. ಬೇಕಾದ ವೇಷಕ್ಕೆ ‘ಟ್ರೂ’ ಬರೆಯಿರಿ. ಯಾರಾದರೂ ತಟ್ಟಿದರೆ ಜಿಮೇಲ್ ಮೂಲಕ ನಿಮಗೆ ಎಚ್ಚರಿಕೆಯ ಮೇಲ್ ಬರುವಂತೆಯೂ ಅದರಲ್ಲೇ ಹೊಂದಿಸಿ. ಎಲ್ಲವನ್ನೂ ಆನ್ ಮಾಡುವ ಆಸೆ ಬೇಡ. ಒಂದೇ ಯಂತ್ರದಲ್ಲಿ ಮೈಎಸ್‌ಕ್ಯುಎಲ್, ಆರ್‌ಡಿಪಿ, ವಿಎನ್‌ಸಿ, ಟೆಲ್ನೆಟ್ ಎಲ್ಲ ಇದ್ದರೆ ಅದು ಯಾವ ಯಂತ್ರದ ಹಾಗೂ ಕಾಣುವುದಿಲ್ಲ. ಹೋಮ್‌ಸ್ಟೇ ಆಫೀಸಿಗೆ ಎನ್‌ಎಎಸ್ (ಜಾಲದಲ್ಲಿ ಫೈಲ್ ಇಡುವ ಪೆಟ್ಟಿಗೆ) ಲಾಗಿನ್ ಪುಟ, ಎಫ್‌ಟಿಪಿ, ಜೊತೆಗೆ ‘ಬಿಲ್ಲಿಂಗ್ ಬ್ಯಾಕಪ್’ ಎಂಬ ಹೆಸರು ಸಾಕು. ಎಸ್‌ಎಂಬಿ ಷೇರ್ (ವಿಂಡೋಸ್‌ನ ಹಂಚಿಕೆಯ ಫೋಲ್ಡರ್) ಬೇಕಿದ್ದರೆ ಸಾಂಬಾ ಬೇರೆ ಹಾಕಿ ಅದರ ಆಡಿಟ್ ಲಾಗನ್ನು ಓಪನ್‌ಕ್ಯಾನರಿಗೆ ತೋರಿಸಬೇಕು. ಸ್ವಲ್ಪ ತಲೆನೋವು, ಆದರೆ ರ‍್ಯಾನ್ಸಮ್‌ವೇರ್ ಹರಡಲು ಹುಡುಕುವುದು ಅದರ ಪೋರ್ಟ್ 445ನ್ನೇ ಆದ್ದರಿಂದ ಆ ಶ್ರಮಕ್ಕೆ ಬೆಲೆಯಿದೆ. ಸರ್ವಿಸ್ ಏಳದಿದ್ದರೆ ಹೆಚ್ಚಿನ ಸಲ ಜೇಸನ್‌ನಲ್ಲಿ ಒಂದು ಅಲ್ಪವಿರಾಮ ಹೆಚ್ಚು ಅಥವಾ ಕಡಿಮೆ ಆಗಿರುತ್ತದೆ. ಪೈಯ ಮ್ಯಾಕ್ ವಿಳಾಸ ಬಿ8:27:ಇಬಿ, ಡಿಸಿ:ಎ6:32 ಮುಂತಾಗಿ ಶುರುವಾಗಿ ಗುಟ್ಟು ಬಿಟ್ಟುಕೊಡುತ್ತದೆ, ಬದಲಿಸಿ.

ಎಲ್ಲಿ ಇಡಬೇಕು ಎಂಬುದರಲ್ಲಿ ಎಡವುವವರು ಹೆಚ್ಚು. ಅತಿಥಿಗಳ ವೈಫೈಗೆ ಕ್ಲೈಂಟ್ ಐಸೊಲೇಷನ್ ಎಂಬ, ಒಂದು ಉಪಕರಣಕ್ಕೆ ಇನ್ನೊಂದು ಕಾಣದಂತೆ ಮಾಡುವ ಸೆಟ್ಟಿಂಗ್ ಹಾಕಿದ್ದರೆ (ಹಾಕಿರಲೇಬೇಕು) ಅಲ್ಲಿಟ್ಟ ಹನಿಪಾಟಿಗೆ ಏನೂ ಕಾಣದು. ಹಾಕಿಲ್ಲದಿದ್ದರೆ ಅತಿಥಿಗಳ ಲ್ಯಾಪ್‌ಟಾಪಿನ ಆ್ಯಂಟಿವೈರಸ್, ಪ್ರಿಂಟರ್ ಹುಡುಕುವ ಆ್ಯಪ್, ಟಿವಿಗೆ ಜೋಡಿಸುವ ಆ್ಯಪ್ ಎಲ್ಲ ತಟ್ಟಿ ದಿನವಿಡೀ ಸುಳ್ಳು ಎಚ್ಚರಿಕೆ. ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಆಫೀಸಿಗೆ ವಿಲ್ಯಾನ್ (ಬೇರ್ಪಡಿಸಿದ ಒಳಜಾಲ) 10, ಅತಿಥಿಗಳಿಗೆ 20, ಕ್ಯಾಮೆರಾಗಳಿಗೆ 30 ಮಾಡಿ, 10ರಲ್ಲೂ 30ರಲ್ಲೂ ಹನಿಪಾಟಿಗೆ ಒಂದೊಂದು ವಿಳಾಸ ಕೊಡಿ. ಅತಿಥಿ ಜಾಲದ ಐಪಿಯಿಂದ ಅಲ್ಲಿಗೆ ಒಂದು ತಟ್ಟು ಬಂದರೂ ನಿಮ್ಮ ಗೋಡೆ ಸೋರುತ್ತಿದೆ ಎಂದರ್ಥ. ಒಂದೇ ಪೈ ಎರಡು ವಿಲ್ಯಾನಿನಲ್ಲಿ ನಿಂತಾಗ ಕರ್ನಲ್ಲಿನ ಐಪಿ ಫಾರ್ವರ್ಡಿಂಗ್ ಸೊನ್ನೆಯಲ್ಲಿರಲಿ, ಇಲ್ಲದಿದ್ದರೆ ಹನಿಪಾಟೇ ಎರಡರ ನಡುವಿನ ಸೇತುವೆಯಾಗುತ್ತದೆ. ನೀವೇ ಜಾಲ ಪರೀಕ್ಷಿಸುವ ಕಂಪ್ಯೂಟರಿನ ಐಪಿಯನ್ನು ಇಗ್ನೋರ್ ಪಟ್ಟಿಗೆ ಹಾಕಬಹುದು. ನಾನು ಹಾಕಬೇಡಿ ಎನ್ನುತ್ತೇನೆ, ದಾಳಿಕೋರ ಮೊದಲು ಹಿಡಿಯುವುದು ಆ ಕಂಪ್ಯೂಟರನ್ನೇ ಆಗಿರಬಹುದು.

ಮಳೆ, ಸಿಡಿಲು, ಕರೆಂಟು

ಕಕ್ಕಡದ ಮಳೆಯಲ್ಲಿ ಮರ ಬಿದ್ದು ಲೈನ್ ಕಡಿದರೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಪೈ ಇದ್ದಕ್ಕಿದ್ದಂತೆ ಆರಿದಾಗ ಮೊದಲು ಸಾಯುವುದು ಮೈಕ್ರೊ ಎಸ್‌ಡಿ ಕಾರ್ಡ್. ಹೈ ಎಂಡ್ಯೂರೆನ್ಸ್ 32 ಜಿಬಿ ಕಾರ್ಡ್ ಹಾಕಿ, ಲಾಗ್‌2ರ‍್ಯಾಮ್ ಬಳಸಿ ಬರೆಯುವುದನ್ನು ತಗ್ಗಿಸಿ. ಎಚ್ಚರಿಕೆಯ ಲಾಗನ್ನು ಮಾತ್ರ ನೇರವಾಗಿ ಡಿಸ್ಕಿಗೆ ಬಿಡಿ, ಕರೆಂಟ್ ಹೋಗುವ ಕ್ಷಣದ ಸಾಲುಗಳೇ ಕಳೆದುಹೋಗಬಾರದು. ಕಾರ್ಡಿನ ಇಮೇಜ್ ಒಂದನ್ನು ತೆಗೆದಿಟ್ಟಿರಿ. ಓಎನ್‌ಟಿಗೆ ಹಾಕುವ 12 ವೋಲ್ಟಿನ ಮಿನಿ ಯುಪಿಎಸ್ ಪೈಗೆ ಹೊಂದುವುದಿಲ್ಲ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು, ಎರಡೂ ಔಟ್‌ಪುಟ್ ಇರುವ ಯುಪಿಎಸ್ ನೋಡಿ ತನ್ನಿ.

ಪೈ 4ರವರೆಗೆ ಬ್ಯಾಟರಿ ಗಡಿಯಾರವಿಲ್ಲ. ಕರೆಂಟ್ ಬಂದು ಇಂಟರ್ನೆಟ್ ಬರದಿದ್ದರೆ ಅದು ಆರಿದ ಹೊತ್ತಿನಿಂದಲೇ ಕಾಲ ಎಣಿಸತೊಡಗುತ್ತದೆ, ಲಾಗಿನ ದಿನಾಂಕಗಳೆಲ್ಲ ಸುಳ್ಳು. ಡಿಎಸ್3231 ಮಾಡ್ಯೂಲ್ ಒಂದು, ಅದಕ್ಕೊಂದು ನಾಣ್ಯದ ಬ್ಯಾಟರಿ ಹಾಕಿದರೆ ತೀರಿತು. ಸಮಯ ಹೊಂದಿಸುವ ಎನ್‌ಟಿಪಿಗೆ ಎನ್‌ಐಸಿಯ ‘ಸಮಯ’ ಸರ್ವರುಗಳನ್ನು ಕೊಡಿ.

ಸಿಡಿಲಿನದು ಬೇರೆ ಕತೆ. ಏಪ್ರಿಲ್-ಮೇ ಗುಡುಗುಮಳೆಯಲ್ಲಿ ಮನೆಯಿಂದ ಗೋಡೌನಿಗೋ ಲೈನ್‌ಮನೆಗೋ ಎಳೆದ ಕ್ಯಾಟ್6 ಕೇಬಲು ಸಿಡಿಲಿನ ಸರ್ಜನ್ನು ನೇರ ಸ್ವಿಚ್ಚಿಗೆ ತರುತ್ತದೆ. ಸ್ವಿಚ್ಚು, ಡಿವಿಆರ್, ಪೈ ಒಟ್ಟಿಗೇ ಸುಡುತ್ತವೆ. 100 ಮೀಟರಿನ ಮಿತಿ ಒತ್ತಟ್ಟಿಗಿರಲಿ, ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯಲೇಬೇಡಿ. ಎರಡು ಮೀಡಿಯಾ ಕನ್ವರ್ಟರ್, ನಡುವೆ ಲೋಹದ ತಂತಿಯಿಲ್ಲದ ಫೈಬರ್ ಹಾಕಿ.

ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮುಗಳ ಪ್ರಕಾರ ಅನುಮತಿಯಿಲ್ಲದೆ ಇನ್ನೊಬ್ಬರ ಯಂತ್ರಕ್ಕೆ ನುಗ್ಗುವುದು ಅಪರಾಧ. ಅವನು ಮೊದಲು ನುಗ್ಗಿದ ಎನ್ನುವುದು ನೆಪವಾಗದು. ತಿರುಗಿ ಹೊಡೆದರೆ ಪೆಟ್ಟು ಬೀಳುವುದು ಇನ್ನೆಲ್ಲಿಯೋ ಇರುವ ಅಮಾಯಕರ ಡಿವಿಆರ್‌ಗೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಕಂಪನಿ, ಸೇವಾದಾರರಿಗೆಲ್ಲ ಅನ್ವಯಿಸುತ್ತದೆ: ಘಟನೆ ತಿಳಿದ 6 ಗಂಟೆಯೊಳಗೆ ವರದಿ, ಲಾಗ್ 180 ದಿನ. ಒಳಗಿನ ಹನಿಪಾಟ್ ನಿಜವಾದ ನುಸುಳುವಿಕೆ ತೋರಿಸಿದರೆ ಯಂತ್ರವನ್ನು ಆರಿಸದೆ ಜಾಲದಿಂದ ಕಿತ್ತು, ಲಾಗ್ ನಕಲು ತೆಗೆದು ದೂರು ಕೊಡಿ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಪರೀಕ್ಷೆ

ಒಳಗಿನ ಹನಿಪಾಟ್ ಸುಮ್ಮನಿದ್ದರೆ ಎಲ್ಲ ಕ್ಷೇಮವೋ, ಪೈ ಸತ್ತಿದೆಯೋ ಹೇಳುವುದು ಹೇಗೆ? ದಿನಕ್ಕೊಂದು ‘ಬದುಕಿದ್ದೇನೆ’ ಸಂದೇಶವನ್ನು ಕ್ರಾನ್‌ನಿಂದ ಕಳಿಸುವಂತೆ ಮಾಡಿ, ಬಾರದ ದಿನ ಹೋಗಿ ನೋಡಿ. ಜೊತೆಗೆ ತಿಂಗಳಿಗೊಮ್ಮೆ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ದಸರಾ ರಜೆಯ ಅತಿಥಿಗಳು ಬರುವ ಮುಂಚೆ ಒಮ್ಮೆ ಕೈಯಾರೆ ತಟ್ಟಿ ನೋಡಿ. ಆಫೀಸ್ ಜಾಲದಿಂದ ಎಫ್‌ಟಿಪಿಗೆ ಒಂದು ಸುಳ್ಳು ಪಾಸ್‌ವರ್ಡ್ ಹಾಕಿ. ಅತಿಥಿ ಜಾಲದಿಂದ ಅದೇ ವಿಳಾಸಕ್ಕೆ ಎನ್‌ಮ್ಯಾಪ್ ಸ್ಕ್ಯಾನ್ ಬಿಡಿ. ಮೊದಲನೆಯದಕ್ಕೆ ನಿಮಿಷದೊಳಗೆ ಸಂದೇಶ ಬರಬೇಕು, ಎರಡನೆಯದಕ್ಕೆ ಬರಬಾರದು. ಎರಡನೆಯದಕ್ಕೂ ಬಂದರೆ ವಿಲ್ಯಾನ್ ನಿಯಮ ತಪ್ಪಿದೆ. ಮೊದಲನೆಯದಕ್ಕೂ ಬಾರದಿದ್ದರೆ ಪೈಯ ಲಾಗ್ ಫೈಲ್ ತೆರೆದು ನೋಡಿ. ಅಲ್ಲಿ ಸಾಲು ಇದ್ದು ಮೇಲ್ ಮಾತ್ರ ಬಂದಿಲ್ಲವಾದರೆ ಜಿಮೇಲ್‌ನ ಆ್ಯಪ್ ಪಾಸ್‌ವರ್ಡ್ (ತಂತ್ರಾಂಶಗಳಿಗೆಂದೇ ಕೊಡುವ ಬೇರೆ ಪಾಸ್‌ವರ್ಡ್) ಹೊಸದಾಗಿ ಮಾಡಿ ಹಾಕಿ. ಖಾತೆಯ ಮುಖ್ಯ ಪಾಸ್‌ವರ್ಡನ್ನು ಯಾರಾದರೂ ಬದಲಿಸಿದಾಗ ಆ್ಯಪ್ ಪಾಸ್‌ವರ್ಡುಗಳೆಲ್ಲ ಹೇಳದೆ ಕೇಳದೆ ರದ್ದಾಗುತ್ತವೆ.